ಪ್ಲೇಟ್‌ಲೆಟ್ ಖಾತೆಯ ಕಥೆ: ದೇಹ ತನ್ನ ರಕ್ತದ ಮೇಲೇ ತಿರುಗಿಬಿದ್ದಾಗ

ಬಸ್ಸಲ್ಲಿ ಕೂತು ಕೇಳ್ತಾ ಇರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಾ ಇರೋರಿಗೆ, ಕೇಳೋಕೆ ಆಗ್ದೆ ಇಲ್ಲಿ ಓದ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ. ಈ ಸಲ ಒಂದು ಸಂಖ್ಯೆಯಿಂದ ಶುರು ಮಾಡ್ತೀನಿ. 9,000.

ಇದು 2018ರ ಮಳೆಗಾಲದಲ್ಲಿ ನನ್ನ ತಂಗಿಯ ಪ್ಲೇಟ್‌ಲೆಟ್ ಕೌಂಟ್. ಆಗ ಅವಳು ತಿಪಟೂರಿನಲ್ಲಿ ಡಿಗ್ರಿ ಎರಡನೇ ವರ್ಷ ಓದ್ತಾ ಇದ್ಲು. ಎರಡೂ ಕಾಲಿನ ಮೇಲೆ ಕೆಂಪು ಚುಕ್ಕೆ ಕಾಣಿಸಿಕೊಂಡವು, ಯಾರೋ ಸಾಸಿವೆ ಚೆಲ್ಲಿದ ಹಾಗೆ. ಹಲ್ಲುಜ್ಜಿದ್ರೆ ವಸಡಿನಲ್ಲಿ ರಕ್ತ. ಅಮ್ಮ ‘ಹೀಟ್ ಆಗಿದೆ’ ಅಂತ ಎರಡು ದಿನ ಎಳನೀರು ಕುಡಿಸಿದ್ರು. ಮೂರನೇ ದಿನ ಲ್ಯಾಬ್ ರಿಪೋರ್ಟ್ ಬಂತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕಾದ ಪ್ಲೇಟ್‌ಲೆಟ್ ಅವಳಲ್ಲಿ ಇದ್ದದ್ದು ಒಂಬತ್ತು ಸಾವಿರ.

ನಮ್ಮ ಕಡೆ ಪ್ಲೇಟ್‌ಲೆಟ್ ಕಮ್ಮಿ ಅಂದ್ರೆ ಎಲ್ಲರಿಗೂ ಗೊತ್ತಿರೋ ಉತ್ತರ ಒಂದೇ, ಡೆಂಗಿ. ಪಕ್ಕದ ಮನೆ ಆಂಟಿ ಪರಂಗಿ ಎಲೆ ರಸ ಹಿಂಡಿಕೊಂಡು ಬಂದ್ರು. ಮಾವ ಕಿವಿ ಹಣ್ಣು ತಂದ್ರು. ಆದ್ರೆ ಅವಳಿಗೆ ಜ್ವರವೇ ಇರಲಿಲ್ಲ. ಡೆಂಗಿ ಟೆಸ್ಟ್ ನೆಗೆಟಿವ್ ಬಂತು. ಕೊನೆಗೆ ಬೆಂಗಳೂರಿನ ರಕ್ತರೋಗ ತಜ್ಞರೊಬ್ಬರು ಬೇರೆ ಬೇರೆ ಪರೀಕ್ಷೆ ಮಾಡಿಸಿ, ಒಂದೊಂದೇ ಕಾರಣ ಅಲ್ಲ ಅಂತ ತೆಗೆದುಹಾಕಿ, ಮೂರು ಅಕ್ಷರ ಬರೆದ್ರು. ಐಟಿಪಿ. ‘ಇವಳ ದೇಹವೇ ಇವಳ ಪ್ಲೇಟ್‌ಲೆಟ್‌ಗಳನ್ನ ಹೊಡೆದು ಹಾಕ್ತಾ ಇದೆ’ ಅಂದ್ರು. ‘ಹೊಡೆಯೋ ಕೈಯನ್ನ ಸ್ವಲ್ಪ ದಿನ ಕಟ್ಟಿ ಹಾಕಬೇಕು’ ಅಂತ ಹೇಳಿ ಒಂದು ಮಾತ್ರೆ ಬರೆದುಕೊಟ್ರು. ಪ್ರೆಡ್ನಿಸೋಲೋನ್. ಅಂದ್ರೆ ಸ್ಟೀರಾಯ್ಡ್.

ನಾನು ಬಿ.ಕಾಂ. ಓದಿದವನು. ಬಯಾಲಜಿಗೂ ನನಗೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಕಡಿದುಹೋಗಿತ್ತು. ಆದ್ರೂ ಆ ಮೂರು ಅಕ್ಷರದ ಹಿಂದೆ ಏನಿದೆ ಅಂತ ತಿಳ್ಕೊಳ್ಳದೆ ಇರೋಕೆ ಆಗಲಿಲ್ಲ. ಇವತ್ತಿನದು ಆ ಚರಿತ್ರೆ. ದೇಹ ತನ್ನನ್ನೇ ಶತ್ರು ಅಂದ್ಕೊಂಡು ರಕ್ತ ಹೆಪ್ಪುಗಟ್ಟೋ ವ್ಯವಸ್ಥೆಯನ್ನೇ ಕೆಡಿಸಿದಾಗ, ಅದನ್ನ ತಡೆಯೋ ಔಷಧಗಳು ಹೇಗೆ ಬಂದವು ಅನ್ನೋದು. ಇದು ವೈದ್ಯಕೀಯ ಸಲಹೆ ಅಲ್ಲ. ನಿಮ್ಮ ಮಾತ್ರೆ ಬಗ್ಗೆ ಮಾತಾಡಬೇಕಾದವರು ನಿಮ್ಮ ಡಾಕ್ಟರ್.

ಆದಾಯ ಕಮ್ಮಿಯಾ, ಖರ್ಚು ಜಾಸ್ತಿಯಾ?

ಮೊದಲು ನನಗೆ ಅರ್ಥವಾದ ಭಾಷೆಯಲ್ಲಿ ಹೇಳಿಬಿಡ್ತೀನಿ. ಪ್ಲೇಟ್‌ಲೆಟ್ ಅಂದ್ರೆ ನಮ್ಮ ಸ್ಕೂಲ್ ಪುಸ್ತಕದ ಕಿರುತಟ್ಟೆಗಳು. ಎಲ್ಲಾದ್ರೂ ರಕ್ತನಾಳ ಹರಿದ್ರೆ ಮೊದಲು ಓಡಿ ಬಂದು ಅಂಟಿಕೊಂಡು ತೂತು ಮುಚ್ಚುವುದು ಇವೇ. ಎಲುಬಿನ ಒಳಗಿನ ಮಜ್ಜೆಯಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಪ್ಲೇಟ್‌ಲೆಟ್ ತಯಾರಾಗುತ್ತವೆ. ಒಂದೊಂದರ ಆಯಸ್ಸು ಎಂಟರಿಂದ ಹತ್ತು ದಿನ.

ಈಗ ಇದನ್ನ ಬ್ಯಾಂಕ್ ಖಾತೆ ಅಂದ್ಕೊಳ್ಳಿ. ತಿಂಗಳ ಕೊನೆಗೆ ಬ್ಯಾಲೆನ್ಸ್ ಸೊನ್ನೆ ಹತ್ರ ಬಂದಿದೆ. ಕಾರಣ ಎರಡೇ ಇರಬಹುದು. ಸಂಬಳ ಸರಿಯಾಗಿ ಬರ್ತಾ ಇಲ್ಲ, ಇಲ್ಲಾ ಖರ್ಚು ಮಿತಿ ಮೀರಿದೆ. ಬರೀ ಬ್ಯಾಲೆನ್ಸ್ ನೋಡಿದ್ರೆ ಯಾವುದು ಅಂತ ಹೇಳೋಕಾಗಲ್ಲ, ಸ್ಟೇಟ್‌ಮೆಂಟ್ ತೆಗೆದು ನೋಡಬೇಕು. ಈ ಕಾಯಿಲೆಯ ವಿಷಯದಲ್ಲಿ ವೈದ್ಯರು ಆ ಒಂದು ಪ್ರಶ್ನೆ ಇಟ್ಕೊಂಡು ನೂರು ವರ್ಷ ಗುದ್ದಾಡಿದ್ದಾರೆ. ಒಂದೊಂದು ಕಾಲದಲ್ಲಿ ಸಿಕ್ಕ ಉತ್ತರದಿಂದ ಒಂದೊಂದು ಚಿಕಿತ್ಸೆ ಹುಟ್ಟಿದೆ.

ಚುಕ್ಕೆಗಳನ್ನ ನೋಡಿ ಬರೆದಿಟ್ಟವರು ಬಹಳ ಹಿಂದೆಯೇ ಇದ್ರು. 1735ರಲ್ಲಿ ಜರ್ಮನಿಯ ಹ್ಯಾನೋವರ್‌ನ ಆಸ್ಥಾನ ವೈದ್ಯ ಪೌಲ್ ವೆರ್ಲ್‌ಹಾಫ್, ಮೂಗಿನಿಂದ ರಕ್ತ ಸುರಿದು ಮೈಮೇಲೆ ಕಪ್ಪು ಕಲೆ ಎದ್ದ ಹುಡುಗಿಯೊಬ್ಬಳ ಬಗ್ಗೆ ಬರೆದ. ಬಹಳ ಕಾಲ ಈ ಕಾಯಿಲೆಗೆ ಅವನ ಹೆಸರೇ ಇತ್ತು. ಆದ್ರೆ ಪ್ಲೇಟ್‌ಲೆಟ್ ಅನ್ನೋದು ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಇಟಲಿಯ ಟ್ಯೂರಿನ್‌ನಲ್ಲಿ ಜೂಲಿಯೊ ಬಿಝೊಝೆರೊ ಪ್ಲೇಟ್‌ಲೆಟ್‌ಗಳನ್ನೂ ಅವುಗಳ ಕೆಲಸವನ್ನೂ ವಿವರಿಸಿದ್ದು 1882ರಲ್ಲಿ. ಅದಾಗಿ ಕೆಲವೇ ವರ್ಷದಲ್ಲಿ, ಈ ಚುಕ್ಕೆ ಕಾಯಿಲೆಯವರ ರಕ್ತದಲ್ಲಿ ಪ್ಲೇಟ್‌ಲೆಟ್ ಕಮ್ಮಿ ಇರುತ್ತೆ ಅನ್ನೋದು ಗೊತ್ತಾಯ್ತು. ಬ್ಯಾಲೆನ್ಸ್ ಕಾಣಿಸ್ತು, ಸ್ಟೇಟ್‌ಮೆಂಟ್ ಇನ್ನೂ ಸಿಕ್ಕಿರಲಿಲ್ಲ.

ಪ್ರಾಗ್‌ನ ವಿದ್ಯಾರ್ಥಿ

1915ರಲ್ಲಿ ಜರ್ಮನಿಯ ಎರಿಖ್ ಫ್ರಾಂಕ್ ಅನ್ನೋ ವೈದ್ಯ ತೊಂದರೆ ಇರೋದು ಆದಾಯದಲ್ಲಿ ಅಂದ. ಅವನ ಪ್ರಕಾರ ಮಜ್ಜೆ ಪ್ಲೇಟ್‌ಲೆಟ್‌ಗಳನ್ನ ಸರಿಯಾಗಿ ತಯಾರಿಸ್ತಾ ಇಲ್ಲ.

ಮರುವರ್ಷ ಪ್ರಾಗ್‌ನಲ್ಲಿ ಪೌಲ್ ಕಾಜ್ನೆಲ್ಸನ್ ಅನ್ನೋ ಹುಡುಗ ಉಲ್ಟಾ ಹೇಳಿದ. ಹುಡುಗ ಅಂತ ಯಾಕೆ ಅಂದೆ ಅಂದ್ರೆ ಅವನಿನ್ನೂ ವೈದ್ಯಕೀಯ ವಿದ್ಯಾರ್ಥಿ. ಕೆಲವು ಬಗೆಯ ರಕ್ತಹೀನತೆಯಲ್ಲಿ ಕೆಂಪು ರಕ್ತಕಣಗಳನ್ನ ಗುಲ್ಮ ಒಡೆದುಹಾಕುತ್ತೆ, ಗುಲ್ಮ ತೆಗೆದ್ರೆ ರೋಗಿ ಚೇತರಿಸಿಕೊಳ್ತಾರೆ ಅನ್ನೋದು ಆಗ ಗೊತ್ತಿತ್ತು. ಗುಲ್ಮ ಅಂದ್ರೆ ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬಿನ ಕೆಳಗೆ ಅಡಗಿರೋ ಅಂಗ. ಹಳೇ ರಕ್ತಕಣಗಳನ್ನ ಸೋಸಿ ವಿಲೇವಾರಿ ಮಾಡೋದು ಅದರ ಕೆಲಸ. ಹಾಗಾದ್ರೆ ಪ್ಲೇಟ್‌ಲೆಟ್‌ಗಳೂ ಅಲ್ಲೇ ಖರ್ಚಾಗ್ತಾ ಇರಬಹುದಲ್ವಾ ಅಂತ ಕಾಜ್ನೆಲ್ಸನ್ ಯೋಚಿಸಿದ.

ಸುತ್ತ ಮೊದಲನೇ ಮಹಾಯುದ್ಧ ನಡೀತಿತ್ತು. ಅವನು ಶಸ್ತ್ರಚಿಕಿತ್ಸೆಯ ಪ್ರೊಫೆಸರ್ ಶ್ಲೋಫರ್ ಅವರನ್ನ ಒಪ್ಪಿಸಿ, ದೀರ್ಘಕಾಲದಿಂದ ನರಳ್ತಿದ್ದ ಮಹಿಳೆಯೊಬ್ಬಳ ಗುಲ್ಮ ತೆಗೆಸಿದ. ಅವಳ ಪ್ಲೇಟ್‌ಲೆಟ್ ನೋಡನೋಡ್ತಾ ಏರಿತು, ರಕ್ತಸ್ರಾವ ನಿಂತಿತು. ಅಲ್ಲಿಂದ ಮುಂದೆ ಸುಮಾರು ಮೂವತ್ತೈದು ವರ್ಷ ಈ ಕಾಯಿಲೆಗೆ ಇದ್ದ ದೊಡ್ಡ ಚಿಕಿತ್ಸೆ ಅದೊಂದೇ, ಗುಲ್ಮ ತೆಗೆಯೋದು. ಇವತ್ತಿಗೂ ಈ ಆಪರೇಷನ್ ಮಾಡಿಸಿಕೊಂಡವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಭಾಗ ಜನಕ್ಕೆ ಒಳ್ಳೇ ಫಲ ಸಿಗುತ್ತೆ.

ಬೆಲೆಯೂ ಇತ್ತು. ಗುಲ್ಮ ನಮ್ಮ ರೋಗನಿರೋಧಕ ವ್ಯವಸ್ಥೆಯ ಭಾಗ. ಅದಿಲ್ಲದ ದೇಹಕ್ಕೆ ಕೆಲವು ಬ್ಯಾಕ್ಟೀರಿಯಾ ಸೋಂಕು ತಗುಲಿದ್ರೆ ಗಂಟೆಗಳಲ್ಲಿ ಜೀವಕ್ಕೆ ಕುತ್ತು ಬರಬಹುದು ಅಂತ 1952ರ ಹೊತ್ತಿಗೆ, ಮುಖ್ಯವಾಗಿ ಎಳೇ ಮಕ್ಕಳಲ್ಲಿ, ಸ್ಪಷ್ಟವಾಯ್ತು. ಅದಕ್ಕೇ ಈಗ ಗುಲ್ಮ ತೆಗೆಯೋ ಮುಂಚೆ ನ್ಯುಮೊಕಾಕಸ್ ಥರದ ಬ್ಯಾಕ್ಟೀರಿಯಾಗಳ ವಿರುದ್ಧ ಲಸಿಕೆ ಹಾಕ್ತಾರೆ.

ಗುಲ್ಮ ತೆಗೆದ್ರೆ ಯಾಕೆ ವಾಸಿಯಾಗುತ್ತೆ? ಕೆಲವರಿಗೆ ಯಾಕೆ ಆಗಲ್ಲ? ಇದಕ್ಕೆ ಯಾರ ಹತ್ರವೂ ಗಟ್ಟಿ ಉತ್ತರ ಇರಲಿಲ್ಲ. ‘ದೇಹ ತನ್ನ ವಿರುದ್ಧವೇ ಹೋರಾಡ್ತಿದೆ’ ಅಂತ ಹೇಳೋಕೆ ಧೈರ್ಯವೂ ಬೇಕಿತ್ತು. ಯಾಕಂದ್ರೆ 1900ರ ಆಸುಪಾಸಿನಲ್ಲಿ ಪೌಲ್ ಎರ್ಲಿಖ್ ಅನ್ನೋ ಮಹಾ ವಿಜ್ಞಾನಿ, ದೇಹ ತನಗೆ ತಾನೇ ವಿಷವಾಗೋದನ್ನ ಹೇಗಾದ್ರೂ ತಪ್ಪಿಸಿಕೊಳ್ಳುತ್ತೆ ಅಂತ ಹೇಳಿಬಿಟ್ಟಿದ್ದರು. ದೊಡ್ಡವರ ಮಾತು ಗೊತ್ತಲ್ಲ. ಹೇಳಿದವರ ಅರ್ಥ ಒಂದಿರುತ್ತೆ, ಕೇಳಿದವರು ಅದನ್ನ ಕಾನೂನು ಮಾಡ್ಕೊಂಡು ಬಿಡ್ತಾರೆ. ತನ್ನ ಮೇಲೇ ದಾಳಿ ಅನ್ನೋ ಯೋಚನೆ ಸುಮಾರು ಐವತ್ತು ವರ್ಷ ಮೂಲೆಯಲ್ಲಿ ಕೂತಿತ್ತು.

ಅರ್ಧ ಲೀಟರ್ ರಕ್ತ

ಈಗ 1950ಕ್ಕೆ ಬರೋಣ. ಅಮೆರಿಕದ ಸೇಂಟ್ ಲೂಯಿಸ್ ನಗರ, ಬಾರ್ನ್ಸ್ ಆಸ್ಪತ್ರೆ. ವಿಲಿಯಂ ಹ್ಯಾರಿಂಗ್ಟನ್ ಮತ್ತು ಜೇಮ್ಸ್ ಹಾಲಿಂಗ್ಸ್‌ವರ್ತ್ ಅಂತ ಇಬ್ಬರು ಯುವ ವೈದ್ಯರು ರಕ್ತರೋಗ ವಿಭಾಗದಲ್ಲಿ ತರಬೇತಿಯಲ್ಲಿದ್ರು. ಹ್ಯಾರಿಂಗ್ಟನ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಈಗ ನನಗಿರೋ ವಯಸ್ಸೇ ಅನ್ಕೊಳ್ಳಿ.

ಅವರ ತಲೆ ಕೊರೀತಿದ್ದ ವಿಷಯ ಇದು. ಐಟಿಪಿ ಇರೋ ತಾಯಂದಿರಿಗೆ ಹುಟ್ಟಿದ ಕೆಲವು ಕೂಸುಗಳಲ್ಲೂ ಪ್ಲೇಟ್‌ಲೆಟ್ ಕಮ್ಮಿ ಇರುತ್ತೆ. ಕೆಲವು ವಾರದಲ್ಲಿ ತಾನಾಗೇ ಸರಿಹೋಗುತ್ತೆ. ಕೂಸಿನ ಮಜ್ಜೆಯೇ ಕೆಟ್ಟಿದ್ರೆ ಅಷ್ಟು ಬೇಗ ಹೇಗೆ ಸರಿಹೋಗುತ್ತೆ? ಅಂದ್ರೆ ತಾಯಿಯ ರಕ್ತದಲ್ಲಿರೋ ಏನೋ ಒಂದು ಮಗುವಿಗೆ ದಾಟಿ ಬಂದು, ಕೆಲವು ದಿನ ಕಾಟ ಕೊಟ್ಟು, ಕರಗಿ ಹೋಗ್ತಿರಬೇಕು. ಆ ‘ಏನೋ ಒಂದು’ ನಿಜವಾಗ್ಲೂ ಇದ್ರೆ, ರೋಗಿಯ ರಕ್ತವನ್ನ ಆರೋಗ್ಯವಂತರಿಗೆ ಕೊಟ್ಟಾಗ ಅವರಲ್ಲೂ ಪ್ಲೇಟ್‌ಲೆಟ್ ಬೀಳಬೇಕು.

ಯಾರಿಗೆ ಕೊಡೋದು? ಇಬ್ಬರೂ ತಾವೇ ಮುಂದೆ ಬಂದ್ರು. ರೋಗಿಯ ರಕ್ತದ ಗುಂಪಿಗೆ ಹೊಂದಿದ್ದು ಹ್ಯಾರಿಂಗ್ಟನ್ ರಕ್ತ. ಐಟಿಪಿ ಇದ್ದ ರೋಗಿಯೊಬ್ಬರ 500 ಮಿಲಿಲೀಟರ್ ರಕ್ತವನ್ನ ಅವರ ಮೈಗೆ ಏರಿಸಿದ್ರು.

ಕೆಲವೇ ಗಂಟೆಯಲ್ಲಿ ಅವರ ಪ್ಲೇಟ್‌ಲೆಟ್ ಪಾತಾಳಕ್ಕೆ ಬಿತ್ತು. ಚಳಿ, ಜ್ವರ ಬಂತು, ಫಿಟ್ಸ್ ಬಂತು. ಮೈಮೇಲೆ ಅದೇ ಸಾಸಿವೆ ಚುಕ್ಕೆ ಎದ್ದವು. ಅಷ್ಟು ಕಮ್ಮಿ ಪ್ಲೇಟ್‌ಲೆಟ್ ಇದ್ದಾಗ ಮೆದುಳಿನಲ್ಲಿ ಒಂದು ಸಣ್ಣ ರಕ್ತನಾಳ ಒಡೆದಿದ್ರೂ ಕಥೆ ಅಲ್ಲಿಗೇ ಮುಗೀತಿತ್ತು. ಎದೆಯ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದ್ರೆ, ಪ್ಲೇಟ್‌ಲೆಟ್ ತಯಾರಿಸೋ ದೊಡ್ಡ ಕೋಶಗಳು ಅಲ್ಲೇ ಇದ್ದವು. ಕಾರ್ಖಾನೆ ಮುಚ್ಚಿರಲಿಲ್ಲ, ಮಾಲು ಹೊರಗೆ ಬಂದಮೇಲೆ ನಾಶವಾಗ್ತಿತ್ತು. ಕೆಲವು ದಿನದಲ್ಲಿ ಕೌಂಟ್ ಮೇಲೆದ್ದಿತು, ಹ್ಯಾರಿಂಗ್ಟನ್ ಉಳಿದುಕೊಂಡ್ರು.

ಒಂದೇ ಸಲದ ಘಟನೆ ಕಾಕತಾಳೀಯವೂ ಆಗಬಹುದಲ್ವಾ? ಅದಕ್ಕೆ ಮತ್ತೆ ಮಾಡಿದ್ರು. ಈ ಸಲ ಬೇರೆ ಬೇರೆ ರೋಗಿಗಳ ಪ್ಲಾಸ್ಮಾ ಹಾಕಿಸಿಕೊಳ್ಳೋಕೆ ಅದೇ ವಿಭಾಗದ ಸಹೋದ್ಯೋಗಿಗಳು ಕೂಡ ಸ್ವಯಂಸೇವಕರಾದ್ರು. ಬಹುತೇಕರಲ್ಲಿ ಪ್ಲೇಟ್‌ಲೆಟ್ ಬಿತ್ತು. 1951ರಲ್ಲಿ ಪ್ರಬಂಧ ಪ್ರಕಟವಾಯ್ತು. ಸ್ಟೇಟ್‌ಮೆಂಟ್ ಸಿಕ್ಕಿತ್ತು, ಸೋರಿಕೆ ಖರ್ಚಿನ ಕಡೆ. ಆ ‘ಏನೋ ಒಂದು’ ಅನ್ನೋದು ಪ್ರತಿಕಾಯ, ಐಜಿಜಿ ವರ್ಗದ್ದು ಅಂತ 1965ರಲ್ಲಿ ಶುಲ್ಮನ್ ಮತ್ತು ಸಂಗಡಿಗರು ತೋರಿಸಿದ್ರು. ಸೋಂಕು ಬಂದಾಗ ವೈರಸ್ಸಿಗೆ ಅಂಟಿಕೊಂಡು ‘ಇದನ್ನ ಹೊಡೀರಿ’ ಅಂತ ಗುರುತು ಹಾಕೋ ಅದೇ ಪ್ರತಿಕಾಯ ಇಲ್ಲಿ ಪ್ಲೇಟ್‌ಲೆಟ್‌ಗೆ ಅಂಟಿಕೊಳ್ಳುತ್ತೆ. ಗುರುತು ಬಿದ್ದ ಪ್ಲೇಟ್‌ಲೆಟ್ ಗುಲ್ಮದಲ್ಲಿ ಹಾಯ್ದು ಹೋಗುವಾಗ ಅಲ್ಲಿನ ಕೋಶಗಳು ಅದನ್ನ ನುಂಗುತ್ತವೆ. ಕಾಜ್ನೆಲ್ಸನ್ ಊಹೆ ಸರಿಯಾಗಿತ್ತು ಅನ್ನೋದು ಅಲ್ಲಿಗೆ ಪಕ್ಕಾ ಆಯ್ತು.

ಇಂಥ ಪ್ರಯೋಗಕ್ಕೆ ಇವತ್ತು ಯಾವ ನೈತಿಕ ಸಮಿತಿಯೂ ಅನುಮತಿ ಕೊಡಲ್ಲ. ಕೊಡಬಾರದು ಕೂಡ. ಸಾಹಸ ಅಂತ ಚಪ್ಪಾಳೆ ತಟ್ಟೋದು ಸುಲಭ. ಆವತ್ತು ಫಿಟ್ಸ್‌ನಲ್ಲಿ ಆತ ಸತ್ತಿದ್ರೆ ನಾವು ಇದನ್ನ ಹುಚ್ಚಾಟ ಅಂತಲೇ ಕರೀತಿದ್ವಿ.

ಚಂದ್ರಮುಖ

ಹ್ಯಾರಿಂಗ್ಟನ್ ಶತ್ರು ಯಾರು ಅಂತ ತೋರಿಸಿದ್ರು. ಆಯುಧ ಅದೇ ಸಮಯಕ್ಕೆ ಬೇರೆ ಊರಲ್ಲಿ, ಬೇರೆ ಕಾಯಿಲೆಗೋಸ್ಕರ ತಯಾರಾಗ್ತಿತ್ತು. 1948ರ ಸೆಪ್ಟೆಂಬರ್ 21. ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅನ್ನೋ ವೈದ್ಯರು, ಸಂಧಿವಾತದಿಂದ ನಡೆಯೋಕೂ ಆಗದಿದ್ದ ಯುವತಿಗೆ ಅಡ್ರಿನಲ್ ಗ್ರಂಥಿಯ ಒಂದು ಹಾರ್ಮೋನ್ ಚುಚ್ಚಿದ್ರು. ಕೆಲವೇ ದಿನದಲ್ಲಿ ಅವಳು ಎದ್ದು ಓಡಾಡಿದ್ಲು. ಅದೇ ಕಾರ್ಟಿಸೋನ್. ಎರಡೇ ವರ್ಷಕ್ಕೆ, 1950ರಲ್ಲಿ, ಹೆಂಚ್ ಜೊತೆಗೆ ಎಡ್ವರ್ಡ್ ಕೆಂಡಾಲ್ ಮತ್ತು ತಡೇಯಸ್ ರೈಕ್‌ಸ್ಟೀನ್ ಅವರಿಗೆ ನೊಬೆಲ್ ಬಂತು.

ರಕ್ತದ ಡಾಕ್ಟರ್‌ಗಳು ಸುಮ್ಮನೆ ಕೂರಲಿಲ್ಲ. 1951ರಷ್ಟರಲ್ಲೇ ಮ್ಯಾಕ್ಸ್‌ವೆಲ್ ವಿಂಟ್ರೋಬ್ ತಂಡ ಬೇರೆ ಬೇರೆ ರಕ್ತದ ಕಾಯಿಲೆಗಳಲ್ಲಿ ಕಾರ್ಟಿಸೋನ್ ಪರಿಣಾಮ ಏನು ಅಂತ ವರದಿ ಮಾಡಿತು. ಐಟಿಪಿಯಲ್ಲಿ ಪ್ಲೇಟ್‌ಲೆಟ್ ಏರ್ತಿತ್ತು. 1955ರಲ್ಲಿ ಪ್ರೆಡ್ನಿಸೋನ್ ಮಾರುಕಟ್ಟೆಗೆ ಬಂತು. ನನ್ನ ತಂಗಿ ನುಂಗಿದ ಮಾತ್ರೆ ಅದರ ಹತ್ತಿರದ ನೆಂಟ. ಎಪ್ಪತ್ತು ವರ್ಷ ಆದ್ರೂ ದೊಡ್ಡವರಲ್ಲಿ ಐಟಿಪಿ ಚಿಕಿತ್ಸೆಯ ಮೊದಲ ಹೆಜ್ಜೆ ಇವತ್ತಿಗೂ ಸ್ಟೀರಾಯ್ಡೇ.

ಅದು ಅಗ್ಗ, ಬೇಗ ಕೆಲಸ ಮಾಡುತ್ತೆ. ಆದ್ರೆ ಅದು ಸಾಲ. ಬಡ್ಡಿ ಆಮೇಲೆ ಕಟ್ಟಬೇಕು. ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ, ನಿದ್ದೆ ಹೋಗುತ್ತೆ, ಸೋಂಕು ಬೇಗ ತಗಲುತ್ತೆ. ಮುಖ ಊದಿ ದುಂಡಗಾಗುತ್ತೆ. ಈ ದುಂಡು ಮುಖವನ್ನ ಕಾರ್ಟಿಸೋನ್ ಔಷಧವಾಗೋ ಮುಂಚೆಯೇ, 1932ರಲ್ಲಿ, ಹಾರ್ವೆ ಕುಶಿಂಗ್ ಅನ್ನೋ ಶಸ್ತ್ರವೈದ್ಯರು ವಿವರಿಸಿದ್ರು. ಅವರು ನೋಡಿದ ರೋಗಿಗಳಲ್ಲಿ ಆ ಹಾರ್ಮೋನ್ ದೇಹದೊಳಗೇ ಅತಿಯಾಗಿ ಉತ್ಪತ್ತಿಯಾಗ್ತಿತ್ತು. ವೈದ್ಯರು ಅದನ್ನ ಮೂನ್ ಫೇಸ್ ಅಂತಾರೆ. ನಮ್ಮ ಕಾವ್ಯದಲ್ಲಿ ಚಂದ್ರಮುಖಿ ಅಂದ್ರೆ ಹೊಗಳಿಕೆ. ಇಲ್ಲಿ ಅದು ಅಡ್ಡಪರಿಣಾಮ.

ಇಲ್ಲಿ ನನ್ನ ತಪ್ಪೊಂದನ್ನ ಹೇಳಲೇಬೇಕು. ಮಾತ್ರೆ ಶುರುವಾಗಿ ಎರಡು ವಾರಕ್ಕೆ ತಂಗಿಯ ಕೌಂಟ್ 80 ಸಾವಿರ ದಾಟಿತ್ತು. ಮನೆಯಲ್ಲಿ ಎಲ್ಲರಿಗೂ ಖುಷಿ. ಒಂದೂವರೆ ತಿಂಗಳಲ್ಲಿ ಅವಳ ಮುಖ ಗುರುತು ಸಿಗದಷ್ಟು ಊದಿತ್ತು. ನಾನು ಬೆಂಗಳೂರಿಂದ ಹೋದವನು ಬಾಗಿಲಲ್ಲೇ ನಿಂತು, ‘ಏನೇ ಬನ್ನು, ಬೇಕರಿಯಿಂದ ಬಂದ್ಯಾ?’ ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ವಾರ ಅವಳ ಕಾಲೇಜಿನಲ್ಲಿ ಕಾರ್ಯಕ್ರಮ ಇತ್ತು, ಸ್ಟೇಜ್ ಮೇಲೆ ಹೋಗಬೇಕಿತ್ತು.

ಹತ್ತು ದಿನ ಆದ್ಮೇಲೆ ರಾತ್ರಿ ಹನ್ನೊಂದಕ್ಕೆ ಅಮ್ಮನ ಫೋನ್ ಬಂತು. ಮೂಗಿನಿಂದ ರಕ್ತ ನಿಲ್ತಾ ಇಲ್ಲ ಅಂದ್ರು. ಕೌಂಟ್ 6,000ಕ್ಕೆ ಇಳಿದಿತ್ತು. ಬೆಂಗಳೂರಿನ ಎಮರ್ಜೆನ್ಸಿ ವಾರ್ಡಿನಲ್ಲಿ ಮೂಗಿಗೆ ಹತ್ತಿ ತುರುಕಿಸಿಕೊಂಡು ಮಲಗಿದ್ದವಳು ನನ್ನನ್ನ ಹತ್ರ ಕರೆದು, ‘ಅಣ್ಣ, ಅಮ್ಮಂಗೆ ಹೇಳ್ಬೇಡ. ನಾನು ಮಾತ್ರೆ ನಿಲ್ಲಿಸಿ ಹತ್ತು ದಿನ ಆಯ್ತು’ ಅಂದ್ಲು. ನಾನು ಯಾಕೆ ಅಂತ ಕೇಳಲಿಲ್ಲ.

ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದ್ರು. ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬರ್ತಿದ್ರೆ ನಮ್ಮ ಅಡ್ರಿನಲ್ ಗ್ರಂಥಿ ‘ಹೇಗೂ ಬರ್ತಿದೆಯಲ್ಲ’ ಅಂತ ತನ್ನ ಉತ್ಪಾದನೆ ನಿಲ್ಲಿಸಿ ಮಲಗಿಬಿಡುತ್ತೆ. ಥಟ್ ಅಂತ ಮಾತ್ರೆ ಬಿಟ್ರೆ ಕಾಯಿಲೆ ವಾಪಸ್ ಬರೋದು ಒಂದು ಅಪಾಯ, ದೇಹಕ್ಕೆ ಬೇಕಾದ ಕನಿಷ್ಠ ಹಾರ್ಮೋನೂ ಇಲ್ಲದೆ ಬಿ.ಪಿ. ಕುಸಿಯೋದು ಇನ್ನೊಂದು ಅಪಾಯ. ಅದಕ್ಕೇ ಮೆಟ್ಟಿಲು ಇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಕಮ್ಮಿ ಮಾಡ್ತಾರೆ. ಚೀಟಿಯಲ್ಲಿ ಹಾಗೇ ಬರೆದಿತ್ತು. ಆದ್ರೆ ಯಾಕೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಸ್ಟೀರಾಯ್ಡ್ ಬಿಟ್ಟು ಬೇರೇನು?

ಇದೇ ಬಡ್ಡಿಯ ಕಾಟಕ್ಕೆ ವೈದ್ಯರು ಐವತ್ತರ ದಶಕದಿಂದಲೇ ಬೇರೆ ದಾರಿ ಹುಡುಕ್ತಾ ಇದ್ರು. ಒಂದು ದಾರಿ ಸಿಕ್ಕಿದ್ದು ಕ್ಯಾನ್ಸರ್ ಔಷಧದಿಂದ.

ನ್ಯೂಯಾರ್ಕ್ ಹತ್ರ ಬರೋಸ್ ವೆಲ್‌ಕಮ್ ಕಂಪನಿಯ ಪ್ರಯೋಗಾಲಯದಲ್ಲಿ ಗರ್ಟ್ರೂಡ್ ಎಲಿಯನ್ ಅಂತ ರಸಾಯನ ವಿಜ್ಞಾನಿ ಇದ್ರು. ಹದಿನೈದರ ವಯಸ್ಸಿನಲ್ಲಿ ತಾತ ಕ್ಯಾನ್ಸರಿನಿಂದ ಸಾಯೋದನ್ನ ನೋಡಿ ಈ ಹಾದಿ ಹಿಡಿದವರು. ಹೆಣ್ಣು ಅನ್ನೋ ಕಾರಣಕ್ಕೆ ಲ್ಯಾಬ್ ಕೆಲಸಗಳು ಸಿಗ್ತಿರಲಿಲ್ಲ, ಪಿಎಚ್‌ಡಿ ಮುಗಿಸೋಕೂ ಆಗಲಿಲ್ಲ. ಅವರು ಜಾರ್ಜ್ ಹಿಚಿಂಗ್ಸ್ ಜೊತೆ ಸೇರಿ ತಯಾರಿಸಿದ 6-ಮರ್ಕ್ಯಾಪ್ಟೊಪ್ಯೂರಿನ್ 1953ರಲ್ಲಿ ಮಕ್ಕಳ ರಕ್ತದ ಕ್ಯಾನ್ಸರಿಗೆ ಔಷಧವಾಗಿ ಒಪ್ಪಿಗೆ ಪಡೀತು. ವೇಗವಾಗಿ ವಿಭಜನೆಯಾಗೋ ಕೋಶಗಳಿಗೆ ನಕಲಿ ಕಚ್ಚಾವಸ್ತು ಕೊಟ್ಟು ಅವು ಬೆಳೆಯದ ಹಾಗೆ ಮಾಡೋ ಔಷಧ ಅದು.

ಬಾಸ್ಟನ್‌ನಲ್ಲಿ ರಾಬರ್ಟ್ ಶ್ವಾರ್ಟ್ಸ್ ಅನ್ನೋ ಯುವ ವೈದ್ಯರಿಗೆ ಹೊಳೆದ ವಿಷಯ ಸರಳ. ಪ್ರತಿಕಾಯ ತಯಾರಿಸುವಾಗ ನಮ್ಮ ಬಿಳಿ ರಕ್ತಕಣಗಳೂ ವೇಗವಾಗಿ ವಿಭಜನೆಯಾಗುತ್ತವಲ್ಲ, ಈ ಔಷಧ ಅವನ್ನೂ ತಡೀಬೇಕಲ್ವಾ? ತಮ್ಮ ಗುರು ವಿಲಿಯಂ ಡಾಮೆಶೆಕ್ ಜೊತೆ ಮೊಲಗಳಿಗೆ ಹೊರಗಿನ ಪ್ರೋಟೀನ್ ಚುಚ್ಚಿ, ಜೊತೆಗೆ ಈ ಔಷಧ ಕೊಟ್ಟು ನೋಡಿದ್ರು. ಮೊಲಗಳು ಪ್ರತಿಕಾಯ ತಯಾರಿಸಲಿಲ್ಲ. ಅದು 1959. ಮರುವರ್ಷವೇ, ದೇಹ ತನ್ನ ಕೆಂಪು ರಕ್ತಕಣಗಳನ್ನ ತಾನೇ ಒಡೆಯೋ ಕಾಯಿಲೆಯ ರೋಗಿಗಳಿಗೆ ಇದನ್ನ ಕೊಟ್ಟು ನೋಡಿದ ವರದಿ ಬಂತು. ಇದರ ಸುಧಾರಿತ ರೂಪವೇ ಅಝಥಯೋಪ್ರಿನ್. ಅರವತ್ತರ ದಶಕದಲ್ಲಿ ಕಿಡ್ನಿ ಕಸಿಯನ್ನ ಸಾಧ್ಯ ಮಾಡಿದ ಔಷಧಗಳಲ್ಲಿ ಅದೂ ಒಂದು. ಐಟಿಪಿಯಲ್ಲೂ ಸ್ಟೀರಾಯ್ಡ್ ಕಮ್ಮಿ ಮಾಡೋಕೆ ಅದನ್ನ ಇವತ್ತಿಗೂ ಬಳಸ್ತಾರೆ. ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು.

ಹ್ಯಾರಿಂಗ್ಟನ್ ಕೂಡ ಈ ಕಾಯಿಲೆಯ ಬೆನ್ನು ಬಿಡಲಿಲ್ಲ. ಮುಂದೆ ಮಯಾಮಿಗೆ ಹೋದ್ರು. ಅಲ್ಲಿ ಅವರ ತಂಡ 1983ರಲ್ಲಿ ಡನಝಾಲ್ ಅನ್ನೋ ಹಾರ್ಮೋನ್ ಔಷಧ ಐಟಿಪಿಗೆ ಉಪಯೋಗ ಆಗುತ್ತೆ ಅಂತ ಪ್ರಕಟಿಸಿತು.

ಇದೆಲ್ಲದಕ್ಕಿಂತ ವಿಚಿತ್ರ ಕಥೆ ಸ್ವಿಟ್ಜರ್ಲೆಂಡಿನದು. ಬರ್ನ್ ನಗರದ ಮಕ್ಕಳ ವೈದ್ಯ ಪೌಲ್ ಇಂಬಾಕ್ ಹತ್ರ ತೀವ್ರ ಐಟಿಪಿ ಇದ್ದ ಒಬ್ಬ ಹುಡುಗ ಇದ್ದ. ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಗಳನ್ನ ಕೊಟ್ಟೂ ಕೊಟ್ಟೂ ಅವನ ರಕ್ತದಲ್ಲಿ ಒಳ್ಳೇ ಪ್ರತಿಕಾಯಗಳೂ ಬರಿದಾಗಿದ್ದವು. ಸೋಂಕಿನಿಂದ ಕಾಪಾಡೋಕೆ ಅಂತ, ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ದ್ರಾವಣವನ್ನ ಅವನ ನರಕ್ಕೆ ಕೊಟ್ರು. ಯಾರೂ ನಿರೀಕ್ಷೆ ಮಾಡದೆ ಇದ್ದದ್ದು ಆಯ್ತು. ಅವನ ಪ್ಲೇಟ್‌ಲೆಟ್ ಏರತೊಡಗಿತು. ಬೇರೆ ಮಕ್ಕಳಿಗೂ ಕೊಟ್ಟು ನೋಡಿ 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ರು.

ಪ್ರತಿಕಾಯದಿಂದ ಬಂದ ಕಾಯಿಲೆಗೆ ಪ್ರತಿಕಾಯವೇ ಮದ್ದಾ? ಒಂದು ವಿವರಣೆ ಹೀಗಿದೆ. ಗುಲ್ಮದ ನುಂಗೋ ಕೋಶಗಳನ್ನ ಟೋಲ್ ಗೇಟ್ ಅನ್ಕೊಳ್ಳಿ. ಏಕಾಏಕಿ ಲಕ್ಷಾಂತರ ಗಾಡಿ ಬಂದು ನಿಂತ್ರೆ ಎಲ್ಲಾ ಕೌಂಟರ್ ಜಾಮ್ ಆಗುತ್ತೆ. ಆ ಗದ್ದಲದಲ್ಲಿ ಗುರುತು ಬಿದ್ದ ಪ್ಲೇಟ್‌ಲೆಟ್‌ಗಳು ತಪ್ಪಿಸಿಕೊಂಡು ಹೋಗಿಬಿಡುತ್ತವೆ. ಇದೇ ಐವಿಐಜಿ. ಆ ರಾತ್ರಿ ಎಮರ್ಜೆನ್ಸಿಯಲ್ಲಿ ನನ್ನ ತಂಗಿಗೆ ಹನಿ ಹನಿಯಾಗಿ ಇಳಿದದ್ದು ಇದೇ. ಎರಡು ದಿನದಲ್ಲಿ ಕೌಂಟ್ ಏರಿತು. ಬಿಲ್ ಕಟ್ಟೋಕೆ ಅಪ್ಪ ಅಮ್ಮನ ಬಳೆ ಅಡ ಇಟ್ರು. ಮನುಷ್ಯರು ದಾನ ಮಾಡಿದ ರಕ್ತದಿಂದ ಮಾತ್ರ ಸಿಗೋ ವಸ್ತು ಅದು. ಪರಿಣಾಮ ಸಾಮಾನ್ಯವಾಗಿ ಕೆಲವು ವಾರ ಅಷ್ಟೇ.

ಎರಡೂ ಸರಿ ಇತ್ತು

ಇಲ್ಲಿಯವರೆಗಿನ ಔಷಧಗಳೆಲ್ಲ ಗುಂಪಿನ ಮೇಲೆ ಲಾಠಿ ಬೀಸಿದ ಹಾಗೆ. ತಪ್ಪು ಮಾಡಿದವನಿಗೂ ಏಟು, ಪಕ್ಕದಲ್ಲಿ ನಿಂತವನಿಗೂ ಏಟು. ಗುರಿ ಇಟ್ಟು ಹೊಡೆಯೋ ಔಷಧ ಬಂದಿದ್ದು 1997ರಲ್ಲಿ. ರಿಟುಕ್ಸಿಮ್ಯಾಬ್ ಅಂತ ಅದರ ಹೆಸರು. ಲಿಂಫೋಮಾ ಅನ್ನೋ ಕ್ಯಾನ್ಸರಿಗೆ ಮಾಡಿದ್ದು. ಅದು ಹೊಡೆಯೋದು ಬಿ-ಕೋಶಗಳನ್ನ, ಅಂದ್ರೆ ಪ್ರತಿಕಾಯ ತಯಾರಿಸೋ ವಂಶದ ಬಿಳಿ ರಕ್ತಕಣಗಳನ್ನ. ಐಟಿಪಿಯಲ್ಲಿ ಅದರ ಬಳಕೆಯ ವರದಿಗಳು 2001ರ ಹೊತ್ತಿಗೆ ಬಂದವು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಇದರ ತದ್ರೂಪನ್ನ ತಂದಮೇಲೆ ನಮ್ಮ ದೇಶದಲ್ಲಿ ಬೆಲೆಯ ಹೊರೆ ಇಳಿಯೋಕೆ ಶುರುವಾಯ್ತು.

ಇದೇ ಔಷಧಗಳು ಐಟಿಪಿಯ ದಾಯಾದಿಗಳಿಗೂ ಬೇಕಾಗುತ್ತವೆ. ಹುಟ್ಟಿನಿಂದ ಆರೋಗ್ಯವಾಗಿದ್ದವರಲ್ಲಿ ಇದ್ದಕ್ಕಿದ್ದ ಹಾಗೆ ರಕ್ತ ಹೆಪ್ಪುಗಟ್ಟಿಸೋ ಎಂಟನೇ ಅಂಶದ ವಿರುದ್ಧ ಪ್ರತಿಕಾಯ ಹುಟ್ಟಿದ್ರೆ ಅದು ವಯಸ್ಸಾದಮೇಲೆ ಬರೋ ಹಿಮೊಫೀಲಿಯಾ. ಅಲ್ಲೂ ಸ್ಟೀರಾಯ್ಡ್, ರಿಟುಕ್ಸಿಮ್ಯಾಬ್ ಥರದವೇ ಆಸರೆ. ಆದ್ರೆ 1983ರಲ್ಲಿ ಲಂಡನ್ನಿನ ಗ್ರಹಾಂ ಹ್ಯೂಸ್ ವಿವರಿಸಿದ ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಉಲ್ಟಾ. ಅಲ್ಲಿ ಪ್ರತಿಕಾಯಗಳು ರಕ್ತ ಬೇಡದ ಕಡೆ ಹೆಪ್ಪುಗಟ್ಟೋ ಹಾಗೆ ಮಾಡುತ್ತವೆ. ಮುಖ್ಯ ಚಿಕಿತ್ಸೆ ರಕ್ತ ತೆಳು ಮಾಡೋ ಔಷಧ. ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧ ಬೇಕಾಗೋದು ಅತಿ ಗಂಭೀರ ಸಂದರ್ಭಗಳಲ್ಲಿ.

ಈಗ ನಮ್ಮ ಲೆಕ್ಕದ ಪ್ರಶ್ನೆಗೆ ವಾಪಸ್. ಹ್ಯಾರಿಂಗ್ಟನ್ ಆದ್ಮೇಲೆ ಎಲ್ಲರೂ ಖರ್ಚಿನ ಕಡೆಯೇ ನೋಡ್ತಾ ಇದ್ರು. ಆದ್ರೆ ಮುಂದಿನ ಸಂಶೋಧನೆಗಳು ಇನ್ನೊಂದು ಮುಖ ತೋರಿಸಿದವು. ಅದೇ ಪ್ರತಿಕಾಯಗಳು ಮಜ್ಜೆಯ ದೊಡ್ಡ ಕೋಶಗಳಿಗೂ ಅಡ್ಡಿ ಮಾಡುತ್ತವೆ. ಇರಬೇಕಾದಷ್ಟು ಉತ್ಪಾದನೆ ಆಗಲ್ಲ. ಅಂದ್ರೆ 1915ರಲ್ಲಿ ಆದಾಯ ಕಮ್ಮಿ ಅಂದಿದ್ದ ಫ್ರಾಂಕ್ ಪೂರ್ತಿ ತಪ್ಪಾಗಿರಲಿಲ್ಲ. ಪ್ಲೇಟ್‌ಲೆಟ್ ತಯಾರಿಕೆಗೆ ಆದೇಶ ಕೊಡೋ ಥ್ರೊಂಬೊಪೊಯಿಟಿನ್ ಅನ್ನೋ ಹಾರ್ಮೋನ್ 1994ರಲ್ಲಿ ಸಿಕ್ಕಿತು. ಅದರ ಕೆಲಸ ಮಾಡೋ ರೋಮಿಪ್ಲೊಸ್ಟಿಮ್ ಮತ್ತು ಎಲ್ಟ್ರೊಂಬೊಪ್ಯಾಗ್ ಅನ್ನೋ ಎರಡು ಔಷಧಗಳಿಗೆ 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವು ರೋಗನಿರೋಧಕ ಶಕ್ತಿಯನ್ನ ಕುಗ್ಗಿಸಿ ಕೆಲಸ ಮಾಡೋ ಔಷಧಗಳಲ್ಲ. ಖರ್ಚು ನಿಲ್ಲಿಸೋಕೆ ಆಗದಿದ್ರೆ ಸಂಬಳ ಏರಿಸು ಅನ್ನೋ ಲೆಕ್ಕ.

2009ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪು ಕಾಯಿಲೆಯ ಹೆಸರನ್ನೂ ತಿದ್ದಿತು. ಐಟಿಪಿಯ ಮೊದಲ ಅಕ್ಷರ ಅಲ್ಲಿಯವರೆಗೆ ‘ಕಾರಣ ಗೊತ್ತಿಲ್ಲ’ ಅನ್ನೋ ಅರ್ಥದ ಇಡಿಯೋಪಥಿಕ್. ಅದನ್ನ ಇಮ್ಯೂನ್ ಅಂತ ಮಾಡಿದ್ರು.

ಸಂಖ್ಯೆ ಒಂದು, ಮನುಷ್ಯರು ಒಂದು

ಕೊನೆಯದಾಗಿ 2021. ಬ್ರಿಟನ್ನಿನಲ್ಲಿ ಹೊಸದಾಗಿ ಐಟಿಪಿ ಬಂದ 120 ಜನರ ಮೇಲೆ ನಡೆದ ಒಂದು ಪರೀಕ್ಷೆಯ ವರದಿ ಪ್ರಕಟವಾಯ್ತು. ಅರ್ಧ ಜನಕ್ಕೆ ಬರೀ ಸ್ಟೀರಾಯ್ಡ್. ಉಳಿದವರಿಗೆ ಸ್ಟೀರಾಯ್ಡ್ ಜೊತೆ ಮೊದಲ ದಿನದಿಂದಲೇ ಮೈಕೋಫಿನೋಲೇಟ್. ಈ ಔಷಧದ ಮೂಲವೂ ಹಳೇದು. 1893ರಲ್ಲಿ ಇಟಲಿಯ ಗೋಸಿಯೊ ಅನ್ನೋ ವಿಜ್ಞಾನಿ ಕೆಟ್ಟುಹೋದ ಮೆಕ್ಕೆಜೋಳದ ಬೂಸ್ಟಿನಿಂದ ಇದರ ತಾಯಿ ವಸ್ತುವನ್ನ ಬೇರ್ಪಡಿಸಿದ್ರು. ಇವತ್ತು ಅದನ್ನ ತಯಾರಿಸೋ ಕಂಪನಿಗಳಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಇದೆ.

ಫಲಿತಾಂಶ ನೋಡಿ. ಬರೀ ಸ್ಟೀರಾಯ್ಡ್ ತಗೊಂಡವರಲ್ಲಿ ಶೇ. 44 ಜನಕ್ಕೆ ಚಿಕಿತ್ಸೆ ವಿಫಲವಾಯ್ತು. ಎರಡೂ ತಗೊಂಡವರಲ್ಲಿ ಶೇ. 22. ಅರ್ಧಕ್ಕರ್ಧ ವ್ಯತ್ಯಾಸ. ಆದ್ರೆ ‘ಹೇಗಿದ್ದೀರಿ?’ ಅಂತ ಕೇಳಿದಾಗ, ಎರಡು ಔಷಧ ತಗೊಂಡವರೇ ಹೆಚ್ಚು ಸುಸ್ತು, ಜೀವನದ ಗುಣಮಟ್ಟ ಕೆಟ್ಟಿದೆ ಅಂದ್ರು. ಪ್ಲೇಟ್‌ಲೆಟ್ ಚೆನ್ನಾಗಿದ್ದವರು ಅವರೇ.

ಇದನ್ನ ಓದಿದಾಗ ನನಗೆ ನಮ್ಮ ಮನೆ ಬಾಗಿಲು ನೆನಪಾಯ್ತು. ನಾವೆಲ್ಲ 80 ಸಾವಿರ ನೋಡಿ ಖುಷಿಪಡ್ತಿದ್ವಿ. ಆ 80 ಸಾವಿರದ ಬೆಲೆ ಕಟ್ತಿದ್ದವಳು ಕನ್ನಡಿ ನೋಡೋದನ್ನ ಬಿಟ್ಟಿದ್ಲು. ಅವಳಿಗೆ ಹೇಗಿದ್ದೀಯ ಅಂತ ಕೇಳೋದು ಯಾರಿಗೂ ಹೊಳೆದಿರಲಿಲ್ಲ. ನನ್ನ ಮಟ್ಟಿಗೆ ಈ ಚರಿತ್ರೆಯಲ್ಲಿ ಕಲಿತದ್ದು ಅದು. ಇಡೀ ಎಪಿಸೋಡ್‌ನಲ್ಲಿ ನಾನು ಡಾಕ್ಟರ್‌ಗಳ ಹೆಸರು ಹೇಳ್ತಾ ಬಂದೆ. ಪ್ರಾಗ್‌ನ ಮಹಿಳೆ, ಹ್ಯಾರಿಂಗ್ಟನ್‌ಗೆ ರಕ್ತ ಕೊಟ್ಟ ರೋಗಿ, ಬರ್ನ್‌ನ ಹುಡುಗ, ಇವರ ಹೆಸರು ಒಂದೂ ಹೇಳಲಿಲ್ಲ. ದೇಹ ಒಡ್ಡಿದವರು ಅವರೂ ಹೌದು.

ನಿಮ್ಮ ಮನೇಲೋ ಹಾಸ್ಟೆಲ್‌ನಲ್ಲೋ ಯಾರಾದ್ರೂ ಇಂಥ ಔಷಧದಲ್ಲಿದ್ರೆ ಎರಡು ಮಾತು. ಮಾತ್ರೆ ಕಷ್ಟ ಕೊಡ್ತಿದ್ರೆ ಅದನ್ನ ಡಾಕ್ಟರಿಗೆ ಹೇಳಿ, ನೀವಾಗೇ ನಿಲ್ಲಿಸಬೇಡಿ. ಈಗ ಬೇರೆ ದಾರಿಗಳಿವೆ ಅಂತ ಕೇಳಿದ್ರಲ್ಲ. ಇನ್ನೊಂದು, ಅವರ ಮುಖದ ಬಗ್ಗೆ ಜೋಕ್ ಮಾಡಬೇಡಿ.

ತಂಗಿ ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾಳೆ. ಸ್ಟೀರಾಯ್ಡ್ ನಿಧಾನಕ್ಕೆ ಇಳಿಸಿ ಬೇರೆ ಔಷಧಕ್ಕೆ ಹಾಕಿದ್ರು. ಆಮೇಲೆ ಅದನ್ನೂ ನಿಲ್ಲಿಸಿದ್ರು. ಕೌಂಟ್ 60 ಸಾವಿರದ ಆಚೀಚೆ ಇರುತ್ತೆ. ಅವಳಿಗೆ ಅಷ್ಟು ಸಾಕು ಅಂತ ಡಾಕ್ಟರ್ ಹೇಳಿದ್ದಾರೆ. ರೆಕಾರ್ಡ್ ಮಾಡೋ ಮುಂಚೆ ಈ ಸ್ಕ್ರಿಪ್ಟ್ ಅವಳಿಗೆ ಕಳಿಸಿದ್ದೆ. ‘ಬನ್ನು ಅಂದಿದ್ದನ್ನ ತೆಗೆದುಬಿಡ್ಲಾ?’ ಅಂತ ಕೇಳಿದೆ. ‘ಇರ್ಲಿ ಬಿಡು ಅಣ್ಣ, ನಾಲ್ಕು ಜನಕ್ಕೆ ಗೊತ್ತಾಗ್ಲಿ’ ಅಂತ ವಾಯ್ಸ್ ನೋಟ್ ಕಳಿಸಿದ್ಲು. ಹಾಗಾಗಿ ಇಟ್ಟಿದ್ದೀನಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಮಸ್ಕಾರ.